ಸಮುದ್ರದ ಮೇಲೆ ಸೋಮವಾರ

ಮಲ್ಪೆ, 1953
ಸೋಮವಾರ ಸಂಜೆ

ಕಾಮಗೆರೆಯಲ್ಲಿರುವ ಅವ್ವನಿಗೆ ಮಗ ದೊಡ್ಡಮಾದಪ್ಪನ ಶರಣು.

ಬೆಲ್ಲದ ವ್ಯಾಪಾರ ಮಾತಾಡಲು ನಾನೂ ಸೋದರಮಾವನೂ ಮಂಗಳೂರಿನಿಂದ ಹಾಯಿದೋಣಿಯಲ್ಲಿ ಇಲ್ಲಿಗೆ ಬಂದು ಸೇರಿದೆವು. ಹಾಯಿಯ ಜೊತೆಗೆ ಎಂಜಿನ್ನೂ ಇದ್ದ ದೋಣಿ. ಕಾಪುವಿನ ಹತ್ತಿರ ಎಂಜಿನ್ ಕೆಟ್ಟು ನಿಂತಿತು. ಕೊಳ್ಳೇಗಾಲದ ಬಸ್ಸು ಕೆಟ್ಟರೆ ಇಳಿದು ತಳ್ಳಬಹುದು, ಇಲ್ಲಿ ಇಳಿಯುವುದೆಲ್ಲಿಗೆ? ಗಾಳಿಯೂ ಇರಲಿಲ್ಲ. ನೀರು ನಮ್ಮನ್ನು ದೀಪಸ್ತಂಭದ ಬಂಡೆಯ ಕಡೆಗೆ ಎಳೆಯುತ್ತಿತ್ತು. ದೋಣಿಯವನು ಬೆವರು ಸುರಿಸುತ್ತ ಹ್ಯಾಂಡಲ್ ತಿರುಗಿಸುತ್ತಿದ್ದರೆ, ಮಾವ ಹೋಗಿ ಅವನ ಕೈ ಹಿಡಿದುಕೊಂಡ.

"ಬುಡಿ ಸಾ, ಇವತ್ತು ಸೋಮ್ವಾರ. ನಮ್ ಕಡೆ ಎತ್ಗೂ ನೊಗ ಆಕಾಕಿಲ್ಲ. ಇದ್ಕೂ ಆಯಾಸ ಆಗಲ್ವಾ?"

"ನಿಮ್ಮ ಎತ್ತು ನಿಂತರೆ ಮುಳುಗುವುದಿಲ್ಲ ಮಾರಾಯ್ರೆ," ಎಂದು ಅವನು ಕೈ ಕೊಡವಿದ.

ಎಂಜಿನ್ ಏಳಲೇ ಇಲ್ಲ. ಬಂಡೆಗೆ ಅಂಟಿದ ಚಿಪ್ಪುಗಳು ಕಾಣುವಷ್ಟು ಹತ್ತಿರ ಹೋದಾಗ ಗಾಳಿ ಎದ್ದು ಹಾಯಿ ತುಂಬಿತು. ಎಂಜಿನ್ ಮಾಡಿದ್ದೇ ಸರಿ ಎಂದು ಮಾವ ಈಗಲೂ ಹಟ ಹಿಡಿದಿದ್ದಾನೆ.

ದೋಣಿಯ ಓಲಾಟಕ್ಕೆ ಸೇರದಿದ್ದ ಗಂಜಿ ಈಗ ಸೇರುತ್ತಿದೆ. ಚಿಂತೆ ಬೇಡ.

ಸದ್ದಡಗಿದ ಆ ದೋಣಿಯಲ್ಲಿ ಕೂತಾಗ ಒಂದು ಮಾತು ಮನಸ್ಸಿಗೆ ಬಂತು. ನಮ್ಮ ಮನೆಯಲ್ಲಿ ಎತ್ತಿಗೆ ಸೋಮವಾರ ಬಿಡುವು, ನಿನಗೆ ಯಾವ ವಾರವೂ ಇಲ್ಲ. ಬರುವ ಸೋಮವಾರ ನೀನು ಬಾವಿಯ ಕಡೆ ಹೋಗಬೇಡ. ತಮ್ಮ ಕೆಂಪನಂಜಪ್ಪ ನೀರು ಸೇದಲಿ. ಈ ಕಾರ್ಡನ್ನು ನಿನಗೆ ಓದಿ ಹೇಳುತ್ತಿರುವವನೂ ಅವನೇ ತಾನೆ. ಈ ಸಾಲಿಗೆ ಬಂದಾಗ ಅವನು ದನಿ ತಗ್ಗಿಸಿದರೆ, ಇನ್ನೊಮ್ಮೆ ಓದಿಸು.