ಗ್ರಹಗತಿ ನೋಡಿ ಬೀಗ ಹಾಕಿದ ಗ್ರಹಗಳ ಪಾಠ

ಮಾನ್ಯ ಶಿಕ್ಷಣಾಧಿಕಾರಿಗಳೇ,

ನಮ್ಮೂರ ಶಾಲೆಯ ವಿಜ್ಞಾನದ ಅತಿಥಿ ಶಿಕ್ಷಕಿ ಕಾವ್ಯಶ್ರೀಯನ್ನು ಕೆಲಸದಿಂದ ಏಕೆ ತೆಗೆಯಬಾರದು ಎಂದು ಕೇಳಿ ನೀವು ನೋಟಿಸು ಕಳುಹಿಸಿದ್ದೀರಿ. ಆಕೆಯ ಅಪರಾಧವೆಂದರೆ ಎಂಟನೇ ತರಗತಿಯ ಮಕ್ಕಳಿಗೆ ಗ್ರಹಗಳು ಸೂರ್ಯನನ್ನು ಸುತ್ತುವುದನ್ನು ಕಂಪ್ಯೂಟರಿನಲ್ಲಿ ತೋರಿಸಿದ್ದು. ತಮ್ಮ ಅಮೃತಹಸ್ತದಿಂದ ಉದ್ಘಾಟನೆಯಾಗುವ ಮೊದಲೇ ಗ್ರಹಗಳನ್ನು ತಿರುಗಿಸಿಬಿಟ್ಟಳಂತೆ. ಘೋರವೇ ಸರಿ. ಆಕಾಶದಲ್ಲಿ ಅವು ಯಾರ ಉದ್ಘಾಟನೆಗೂ ಕಾಯದೆ ತಿರುಗುತ್ತಿವೆಯಲ್ಲ, ಅವಕ್ಕೂ ನೋಟಿಸು ಹೋಗಿದೆಯೇ?

ಈ ಸಲ ಜೂನಿನಲ್ಲಿ ಶಾಲೆ ಶುರುವಾದ ವಾರವೇ ಕಂಪ್ಯೂಟರುಗಳು ಬಂದವು. ಕೋಣೆಯ ಬಾಗಿಲಿಗೆ ಅಡ್ಡಲಾಗಿ ಕೆಂಪು ರಿಬ್ಬನ್ ಕಟ್ಟಿ ನಿಮಗಾಗಿ ಕಾದೆವು. ಶುಕ್ರ ಮೌಢ್ಯ, ಶುಕ್ರ ಮುಳುಗಿದ್ದಾನೆ, ಶುಭಕಾರ್ಯ ಕೂಡದು ಎಂದು ನಿಮ್ಮ ಕಚೇರಿಯಿಂದ ಫೋನು ಬಂತು. ಮೌಢ್ಯ ಕಳೆಯುವಷ್ಟರಲ್ಲಿ ಆಷಾಢ. ಆಷಾಢ ಕಳೆದರೆ ನಿಮಗೆ ಬಿಡುವಿಲ್ಲ. ಬಿಡುವಾದಾಗ ಪಿತೃಪಕ್ಷ, ಅದರ ಬೆನ್ನಿಗೇ ಮೈಸೂರಿನ ದಸರಾ ಕೆಲಸ. ಕೊನೆಗೆ ಕುಜ ವಕ್ರನಾಗಿದ್ದಾನೆ, ಸಾಹೇಬರ ಜಾತಕಕ್ಕೆ ಆಗಿಬರುವುದಿಲ್ಲ ಎಂದರು. ಅಷ್ಟರಲ್ಲಿ ರಿಬ್ಬನ್ನು ಬಿಸಿಲಿಗೆ ಬಿಳಿಚಿಕೊಂಡಿತ್ತು. ಗ್ರಹಗಳ ಚಲನೆ ಕಲಿಸಲು ಬಂದ ಯಂತ್ರ, ಗ್ರಹಗಳ ಚಲನೆ ಸರಿಯಿಲ್ಲವೆಂದು ಬೀಗದೊಳಗೆ ಕೂತಿತ್ತು! ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಲ್ಲ ಕಡೆ ನಮಗೆ ನೆಂಟರಿದ್ದಾರೆ. ಇಂಥದ್ದನ್ನು ಯಾರೂ ಕೇಳಿಲ್ಲವಂತೆ. ನಮ್ಮ ಕೋಟೆ ತಾಲ್ಲೂಕಿಗೇ ಈ ಕೀರ್ತಿ ತಂದುಕೊಟ್ಟಿದ್ದೀರಿ.

ನನ್ನನ್ನು ದೇವರು ದಿಂಡರಿಲ್ಲದವಳು ಎಂದು ತಿಳಿಯಬೇಡಿ. ಆ ಶಾಲೆಗೆ ಜಾಗ ಬಿಟ್ಟುಕೊಟ್ಟ ಮನೆಯ ಹಿರಿಯಳು ನಾನು. ನಮ್ಮಲ್ಲಿ ಮದುವೆಗೆ ಪಂಚಾಂಗ ನೋಡುತ್ತೇವೆ, ಮನೆಗೆ ಪಾಯ ತೆಗೆಯಲು ನೋಡುತ್ತೇವೆ. ಮಗುವಿಗೆ ಪಾಠ ಹೇಳಲು ನೋಡಿದ್ದನ್ನು ಮಾತ್ರ ಕಂಡಿಲ್ಲ. ಹಾಗೆ ನೋಡುವುದಾದರೆ ನಿಮ್ಮ ಸಂಬಳ ಆಷಾಢದಲ್ಲಿ ನಿಂತಿತ್ತೇ?

ನನ್ನ ಮೊಮ್ಮಗಳು ಸೌಂದರ್ಯ ಅದೇ ತರಗತಿಯವಳು. ಒಂದು ಸಂಜೆ ಅವರೆಕಾಯಿ ಸುಲಿಯುತ್ತಾ ಕೇಳಿದಳು.

"ಅಜ್ಜಿ, ಶುಕ್ರ ಮುಳುಗವ್ನೆ ಅಂತ ಆವತ್ತು ರೂಮ್ ತೆಗೀಲಿಲ್ವಲ್ಲ, ಮುಳುಗಿ ಎಲ್ಲಿಗ್ ಓಗಿದ್ದ?"

"ನಿಮ್ ಮಿಸ್ಸನ್ನ ಕೇಳು."

"ಕೇಳ್ದೆ. ಕಂಪ್ಯೂಟರಲ್ಲಿ ನೋಡುದ್ರೆ ಒಂದೇ ಗಳಿಗೇಲಿ ಗೊತ್ತಾಯ್ತದೆ, ಏನ್ ಮಾಡದು, ಬೀಗ ಆಕವ್ರಲ್ಲ ಅಂದ್ರು."

ಮರುದಿನ ಬೆಳಿಗ್ಗೆ ಹುಲ್ಲು ಕೊಯ್ದು ಬರುವ ದಾರಿಯಲ್ಲಿ ಹೊರೆಯನ್ನು ಶಾಲೆಯ ಗೇಟಿಗೆ ಒರಗಿಸಿ, ಕುಡುಗೋಲು ಕೈಯಲ್ಲಿದ್ದಂತೆಯೇ ಹೆಡ್ಮಾಸ್ಟರು ಮಹದೇವಪ್ಪನವರ ಮುಂದೆ ನಿಂತೆ.

"ಮೇಷ್ಟ್ರೇ, ಬೀಗದ ಕೈ ಕೊಡ್ರಿ."

"ಸುನಂದಮ್ಮೋರೆ, ಸಾಹೇಬ್ರು ಬರಗಂಟ ಮುಟ್ಟಂಗಿಲ್ಲ ಕಣ್ರವ್ವ. ನನ್ ತಲೆ ಓಯ್ತದೆ."

"ಓದ್ರೆ ಓಗ್ಲಿ ಬುಡಿ. ಇಷ್ಟ್ ದಿನ ಅದ್ರಿಂದ ಏನ್ ಕೆಲ್ಸ ತಗೊಂಡ್ರಿ?"

ಬೀಗದ ಕೈ ಕೊಟ್ಟರು. ರಿಬ್ಬನ್ನನ್ನು ಕತ್ತರಿಸಿದವಳು ನಾನು, ಬೀಗ ತೆಗೆದವಳೂ ನಾನೇ. ಕಾವ್ಯಶ್ರೀ "ಬ್ಯಾಡಿ ಅಮ್ಮ, ನನ್ ಕೆಲ್ಸಕ್ಕೆ ತೊಂದ್ರೆ ಆಯ್ತದೆ" ಎಂದು ಬಾಗಿಲಲ್ಲೇ ನಿಂತಳು. ಗದರಿಸಿ ಒಳಗೆ ಕಳಿಸಿದೆ.

ಸಿಮ್ಯುಲೇಷನ್ ಎನ್ನುತ್ತಾರಂತೆ ಅದಕ್ಕೆ, ನಿಜದಂತೆಯೇ ನಡೆದು ತೋರಿಸುವ ಮಾದರಿ. ಕಾವ್ಯಶ್ರೀ ಕಾಲವನ್ನು ಜೂನ್ ತಿಂಗಳಿಗೆ ಹಿಂದೆ ತಿರುಗಿಸಿದಳು. ನಿಮ್ಮನ್ನು ಅಷ್ಟು ಕಾಡಿದ ಶುಕ್ರ ಎಲ್ಲೂ ಮುಳುಗಿರಲಿಲ್ಲ. ಸೂರ್ಯನ ಆಚೆ ಬದಿಯಲ್ಲಿ ತನ್ನ ಪಾಡಿಗೆ ತಾನು ನಡೆಯುತ್ತಿದ್ದ, ಸೂರ್ಯನ ಬೆಳಕಿನಲ್ಲಿ ನಮಗೆ ಕಾಣದಾಗಿದ್ದ, ಅಷ್ಟೆ. ನಿಮ್ಮ ವಕ್ರ ಕುಜನನ್ನೂ ನೋಡಿದೆವು. ಒಳದಾರಿಯಲ್ಲಿ ಬೇಗ ಓಡುವ ಭೂಮಿ ಅವನನ್ನು ದಾಟಿ ಮುಂದೆ ಹೋಗುವಾಗ, ಇಲ್ಲಿಂದ ನೋಡುವವರಿಗೆ ಅವನು ಹಿಂದಕ್ಕೆ ನಡೆದಂತೆ ಕಾಣುತ್ತದಂತೆ. ಕಾಕನಕೋಟೆ ಕಡೆಯಿಂದ ಬರುವ ರಾಣಿ ಎಂಬ ಹುಡುಗಿ ಎದ್ದು ನಿಂತು ಹೇಳಿದಳು: "ಹುಣಸೂರ್ ರೋಡಲ್ಲಿ ನಮ್ ಬಸ್ಸು ಒಗೆಸೊಪ್ಪಿನ ಟ್ಯಾಕ್ಟ್ರ ಹಿಂದಾಕ್ದಾಗ, ಟ್ಯಾಕ್ಟ್ರೇ ರಿವರ್ಸ್ ಬಂದಂಗ್ ಕಾಣ್ತದಲ್ಲ ಮಿಸ್, ಅಂಗೆ!" ಸ್ವಾಮಿ, ನೀವು ಹೆದರಿ ಕೂತಿದ್ದು ಆ ಟ್ರ್ಯಾಕ್ಟರಿಗೆ.

ಆಮೇಲೆ ನನ್ನ ಮೊಮ್ಮಗಳು ಭೂಮಿಯ ವೇಗವನ್ನು ಬೇಕೆಂದೇ ಇಳಿಸಿದಳು. ಅದು ಸೂರ್ಯನ ಕಡೆಗೆ ವಾಲಿ ಒಳಗೇ ಹೋಗಿಬಿಟ್ಟಿತು.

"ಅಯ್ಯಯ್ಯೋ, ಭೂಮಿನೇ ಬಿದ್ದೋಯ್ತು ಕಣ್ಲೇ!"

"ಬೇಗ ಎತ್ತಿ ಮಡಗು, ನಿಮ್ಮಜ್ಜಿ ಇಲ್ಲೇ ಅವ್ರೆ!"

ಕಾವ್ಯಶ್ರೀ ಬೈಯಲಿಲ್ಲ. "ಇನ್ನೊಂದ್ಸಲ ಶುರು ಮಾಡಿ. ಬೀಳ್ದಂಗೆ ಸುತ್ಬೇಕಾದ್ರೆ ವೇಗ ಎಷ್ಟಿರ್ಬೇಕು, ನೀವೇ ಕಂಡ್ಕಳಿ" ಎಂದಳು. ಬೀಳಿಸಿ, ಹಾರಿಸಿ, ಕೊನೆಗೆ ಅವರೇ ಕಂಡುಕೊಂಡರು. ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ಭೂಮಿ ಬೀಳುವುದೂ ಇಲ್ಲ, ಸುತ್ತುವುದೂ ಇಲ್ಲ. ನಾನು ಅಂಥ ಭೂಮಿಯನ್ನೇ ಉರುಹೊಡೆದು ಹೈಸ್ಕೂಲು ಮುಗಿಸಿದವಳು.

ತಪ್ಪು ಮಾಡಿ, ಯಾರಿಗೂ ಪೆಟ್ಟಾಗದೆ ಮತ್ತೆ ಶುರುಮಾಡುವ ಅವಕಾಶ ಆ ಕೋಣೆಯಲ್ಲಿದೆ. ನಿಮ್ಮ ನೋಟಿಸಿನಲ್ಲಿ ಇಲ್ಲ. ಈಗ ಬಾಗಿಲಿಗೆ ನಿಮ್ಮ ಕಚೇರಿಯ ಬೀಗ ಬಿದ್ದಿದೆ. ಕಾವ್ಯಶ್ರೀ ಹೋದರೆ ವಿಜ್ಞಾನ ಹೇಳಲು ಆ ಶಾಲೆಯಲ್ಲಿ ಬೇರೊಬ್ಬರಿಲ್ಲ. ಅಂತರಸಂತೆಯಿಂದಾಚೆ ಕಾಡಂಚಿನ ಶಾಲೆಗೆ ಬರಲು ಎಷ್ಟು ಜನ ಸಾಲುಗಟ್ಟಿ ನಿಂತಿದ್ದಾರೆಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ರಿಬ್ಬನ್ ಕತ್ತರಿಸಿದವಳನ್ನು ಬಿಟ್ಟು ಪಾಠ ಹೇಳಿದವಳನ್ನು ಹಿಡಿದಿರಲ್ಲ, ಏಕೆ? ನನ್ನನ್ನು ತೆಗೆದುಹಾಕಲು ನನಗೆ ಕೆಲಸವಿಲ್ಲ ಎಂತಲೇ?

ಆಕೆ ಕ್ಷಮೆ ಕೇಳಿ ಉತ್ತರ ಬರೆಯಲು ಕೂತಿದ್ದಳು. ನಾನು ಬೇಡವೆಂದೆ. ಇದೇ ಉತ್ತರ. ಆ ನೋಟಿಸನ್ನು ಹಿಂದಕ್ಕೆ ತೆಗೆದುಕೊಳ್ಳಿ, ಬೇಕಿದ್ದರೆ ನನ್ನ ಹೆಸರಿಗೆ ಹೊಸದು ಕಳಿಸಿ. ಬರುವ ಸೋಮವಾರ ಪ್ರಾರ್ಥನೆ ಮುಗಿಯುವಷ್ಟರಲ್ಲಿ ಕೋಣೆಯ ಬೀಗ ತೆಗೆದಿರಬೇಕು. ರಾಹುಕಾಲ ಅಂದು ಬೆಳಿಗ್ಗೆಯೇ ಬರುತ್ತದೆ, ಗೊತ್ತು. ಮಕ್ಕಳಿಗೆ ತೊಂದರೆಯಿಲ್ಲ.

ಉದ್ಘಾಟನೆ ಆಗಲೇಬೇಕೆಂದಿದ್ದರೆ ಬನ್ನಿ, ಬೇಡವೆನ್ನುವುದಿಲ್ಲ. ಪಾಠ ನಡೆಯುತ್ತಿರುತ್ತದೆ. ಚಪ್ಪಲಿ ಹೊರಗೆ ಬಿಟ್ಟು, ಸದ್ದು ಮಾಡದೆ ಬಂದು, ಹಿಂದಿನ ಬೆಂಚಿನಲ್ಲಿ ನನ್ನ ಪಕ್ಕ ಕೂರಿ. ಜಾಗವಿದೆ.

ಇಂತಿ,
ಓದುವ ವಯಸ್ಸು ಮುಗಿಯಿತೆಂದು ತಪ್ಪು ತಿಳಿದಿದ್ದ,
ಸುನಂದಮ್ಮ
ಎಚ್.ಡಿ. ಕೋಟೆ ತಾಲ್ಲೂಕು