ತಂಡೇಲನ ತಾಯಿಯ ಅಪೀಲು

ಕಾಪು, ೧೯೮೧ನೇ ನವೆಂಬರ್

ನನ್ನ ಮಗ ಗುಣಪಾಲನಿಗೆ,

ಗೆದ್ದೆವು. ಮೊದಲು ಇದನ್ನು ಓದು, ಉಳಿದದ್ದು ಮತ್ತೆ. ಹೈಕೋರ್ಟು ನಿನ್ನ ಶಿಕ್ಷೆಯನ್ನು ರದ್ದು ಮಾಡಿದೆ. ಆದೇಶದ ಪ್ರತಿ ತರುವ ನಮ್ಮ ಉಡುಪಿಯ ವಕೀಲ ಮಧ್ವರಾಜರ ಕೈಯಲ್ಲೇ ಈ ಕಾಗದವನ್ನೂ ಕಳುಹಿಸಿದ್ದೇನೆ. ನೀನು ಜೈಲಿನ ಬಾಗಿಲು ದಾಟಿದ ಮೇಲೆಯೇ ಕೊಡಬೇಕೆಂದು ಹೇಳಿದ್ದೇನೆ. ಇದರಲ್ಲಿರುವ ಒಂದು ಹೆಸರು ಒಳಗಿನವರ ಕಣ್ಣಿಗೆ ಬೀಳಬಾರದು.

ನನಗೆ ನಿನ್ನ ಮೇಲೆ ಸಿಟ್ಟಿರಲಿಲ್ಲ ಎಂದು ತಿಳಿಯಬೇಡ. ನಮ್ಮ ಬಲೆ ಹರಿದ ಯಂತ್ರದ ದೋಣಿಯವರೊಡನೆ ಹೊಡೆದಾಡಿ ನೀವು ದೋಣಿಯವರೆಲ್ಲ ಜೈಲಿಗೆ ಹೋದಾಗ ನಾನು ಕಣ್ಣೀರು ಹಾಕಲಿಲ್ಲ. ಅದು ಅನ್ನದ ಜಗಳ. ಆದರೆ ಒಳಗೆ, ಸ್ನಾನದ ನೀರಿನ ಸರದಿಗೆ ಜಗಳ ಎದ್ದು, ನಮ್ಮ ದೋಣಿಯ ವಿಠಲ ಇನ್ನೊಬ್ಬ ಕೈದಿ, ಲಾರಿ ಡ್ರೈವರ್ ಮೂಸಾನ ತಲೆಗೆ ಕಬ್ಬಿಣದ ಬಾಲ್ದಿಯಿಂದ ಹೊಡೆದ. ಬಾಲ್ದಿ ಕಸಿದುಕೊಂಡವನು ನೀನು. ಜೈಲರ್ ಬಂದು ಕೇಳಿದಾಗ "ಹೊಡೆದದ್ದು ನಾನು" ಎಂದವನೂ ನೀನೇ!

ನಮ್ಮ ಕಡಲ ಬದಿಯಲ್ಲಿ ಅದು ಸರಿ. ದೋಣಿಯವರಲ್ಲಿ ಯಾರೇ ತಪ್ಪು ಮಾಡಲಿ, ಹತ್ತು ಜನರ ಮುಂದೆ ಅದನ್ನು ಮೈಮೇಲೆ ಹಾಕಿಕೊಳ್ಳುವವನು ದೋಣಿ ನಡೆಸುವ ತಂಡೇಲ. ನಿನ್ನ ಅಪ್ಪನೂ ಹಾಗೆ ನಿಂತವರು. ಆದರೆ ತಂಡೇಲನೆಂದರೆ ಜೈಲರಿಗೆ ಎಂತ ಗೊತ್ತು ಮಾರಾಯ? ಅವರು ಬರೆದುಕೊಂಡರು. ಕೆಳಗಿನ ಕೋರ್ಟು ಮೂರು ವರ್ಷ ಹಾಕಿತು. ಮೂಸಾ ಅಷ್ಟರಲ್ಲಿ ಬಿಡುಗಡೆಯಾಗಿ ಬೊಂಬಾಯಿಯ ಲಾರಿ ಹತ್ತಿದ್ದ. ಅವನನ್ನು ಯಾರೂ ಕರೆದು ಕೇಳಲಿಲ್ಲ.

"ಅಪೀಲು ಬೇಡಮ್ಮ, ವಿಠಲನಿಗೆ ಮೂರು ಹೆಣ್ಣುಮಕ್ಕಳು" ಎಂದು ಕಂಬಿಯ ಆಚೆಯಿಂದ ನೀನು ಹೇಳಿದೆ. ಅವನ ಹೆಸರು ಹೊರಗೆ ಬರುವುದಿಲ್ಲವೆಂದು ನಾನು ಮಾತು ಕೊಟ್ಟ ಮೇಲೆಯೇ ನೀನು ಅಪೀಲಿಗೆ ಸಹಿ ಹಾಕಿದೆ. ವಕೀಲರು ತಲೆ ಚಚ್ಚಿಕೊಂಡರು. "ಹೊಡೆದವನನ್ನು ತೋರಿಸಿ ಅಮ್ಮ, ಕೇಸು ಅಲ್ಲಿಗೇ ಮುಗಿಯಿತು." ನಾನೆಂದೆ, "ಅಷ್ಟು ಸುಲಭವಾಗಿದ್ದರೆ ನಿಮ್ಮ ಹತ್ತಿರ ಯಾಕೆ ಬರುತ್ತಿದ್ದೆ?"

ಬಿಡುಗಡೆಯಾಗಿ ಬಂದ ವಿಠಲ ನಮ್ಮ ಅಂಗಳದಲ್ಲಿ ಅಳುತ್ತಾ ಕುಳಿತ. ನಾನು ಎಬ್ಬಿಸಿದೆ. "ನೀರಿನ ಮೇಲೆ ನಿನ್ನ ಪರವಾಗಿ ತಂಡೇಲ ಮಾತಾಡಲಿ. ದಡ ಹತ್ತಿದ ಮೇಲೆ ನಿನ್ನ ಬಾಯಿ ನಿನ್ನದೇ. ನಡೆ" ಎಂದು ಎಲ್ಲೂರಿಗೆ, ಮೂಸಾನ ಮನೆಗೆ ಕರೆದುಕೊಂಡು ಹೋದೆ. ಅವನು ರಜೆಯಲ್ಲಿ ಬಂದಿದ್ದ. ಅವನ ತಾಯಿ ಆಸಿಯಮ್ಮ ನಮ್ಮನ್ನು ಮೆಟ್ಟಿಲ ಕೆಳಗೇ ನಿಲ್ಲಿಸಿದರು. "ತಲೆ ಒಡೆಯುವಾಗ ನಮ್ಮನ್ನು ಕೇಳಿ ಒಡೆದದ್ದಲ್ಲ, ಈಗ ಎಂತ ಮೆರವಣಿಗೆಯಾ?" ಮಾತಾಡಬೇಕಾದವನು ವಿಠಲ. ಅವನು ಅಂಗಳದ ಹೊಯಿಗೆಯಲ್ಲಿ ಮಂಡಿಯೂರಿ, "ಹೊಡೆದದ್ದು ನಾನು ಮೂಸಾಣ್ಣ" ಎಂದ. ಮೂಸಾ ನಕ್ಕುಬಿಟ್ಟ. "ಗೊತ್ತುಂಟು. ಬಾಲ್ದಿ ಬರುವಾಗ ನನ್ನ ಕಣ್ಣು ತೆರೆದೇ ಇತ್ತಲ್ವಾ? ನನ್ನ ತಲೆಗೆ ತಮ್ಮ ಹೆಗಲ ಬೈರಾಸು ಕಟ್ಟಿ ರಕ್ತ ನಿಲ್ಲಿಸಿದವರು ಇನ್ನೂ ಒಳಗೆ ಇದ್ದಾರಾ?" ಆಗ ಆಸಿಯಮ್ಮ ನನಗೆ ಚಾಪೆ ಹಾಸಿದರು.

ಮೂಸಾನ ಹೇಳಿಕೆ ಕೇಳಲು ಹೈಕೋರ್ಟು ಒಪ್ಪುವಂತೆ ಮಾಡಿದ್ದು ನಮ್ಮ ವಕೀಲರ ಬುದ್ಧಿ. ಬೆಂಗಳೂರಿನಲ್ಲಿ ನಾನು ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. "ಗುಣಪಾಲಣ್ಣ ಹೊಡೆದದ್ದಲ್ಲ, ಬಾಲ್ದಿ ಕಸಿದು ನನ್ನನ್ನು ಉಳಿಸಿದ್ದು" ಎಂದ ಮೂಸಾ. "ಹಾಗಾದರೆ ಹೊಡೆದವನು ಯಾರು?" ಎಂದು ಸರಕಾರಿ ವಕೀಲರು ಮೇಲಿಂದ ಮೇಲೆ ಕೇಳಿದರು. ಮೂಸಾ ಜಡ್ಜರ ಕಡೆ ತಿರುಗಿದ. "ಅವನಿಗೆ ಮಾಫು ಮಾಡಿ ಆಯಿತು ಸ್ವಾಮಿ. ಮಾಫು ಕೊಟ್ಟು ಮತ್ತೆ ಹಿಡಿದುಕೊಟ್ಟರೆ ನಾನು ಎಂತ ಮನುಷ್ಯ?" ಜಡ್ಜರು, ಈ ಅಪೀಲಿನಲ್ಲಿರುವ ಪ್ರಶ್ನೆ ಗುಣಪಾಲನದ್ದು ಮಾತ್ರ, ಅದಕ್ಕೆ ಉತ್ತರ ಸಿಕ್ಕಿತು ಎಂದರು.

ಈಗ ನನ್ನ ಅಪ್ಪಣೆ ಕೇಳು. ಜೈಲಿನ ಬಾಗಿಲಿಗೆ ನಾನು ಬರುವುದಿಲ್ಲ. ಮುಖ ಮರೆಸಿ ತೋಟದ ಹಿಂದಿನ ದಾರಿಯಿಂದ ನೀನೂ ಬರಬೇಡ. ಪೇಟೆಯಲ್ಲಿ ಬಸ್ಸಿಳಿದು, ಮೀನು ಮಾರ್ಕೆಟಿನ ನಡುವೆಯೇ ನಡೆದು ಬಾ, ಬಿಸಿಲು ಇರುವಾಗ. "ಜೈಲಿನವನ ಅಮ್ಮ" ಎಂದು ನನ್ನ ಬೆನ್ನ ಹಿಂದೆ ಪಿಸುಗುಟ್ಟಿದ ಬಾಯಿಗಳೆಲ್ಲ ಅಲ್ಲಿಯೇ ಬುಟ್ಟಿ ಇಟ್ಟು ಕುಳಿತಿರುತ್ತವೆ. ಒಬ್ಬೊಬ್ಬರ ಹತ್ತಿರವೂ ನಿಂತು ಮೀನಿನ ಕ್ರಯ ಕೇಳು. ಏನೂ ಕೊಳ್ಳಬೇಡ.

ಕಡಲು ನಿನ್ನನ್ನು ಕಾಯಲಿ, ನಿನ್ನ ಮಾತು ನಿನ್ನನ್ನು ಕಾಯಲಿ.

ಅಂಜಲ್ ಮೀನಿನ ಸಾರು ಮಾಡಿಟ್ಟು ಕಾಯುತ್ತಿರುವ,
ನಿನ್ನ ಅಮ್ಮ ವಾರಿಜಾ