ಹೊಸ ಬಣ್ಣದ ಕೆಳಗೆ

ಬಂದರು ಅಧಿಕಾರಿಯವರಿಗೆ,

ಹಡಗುಕಟ್ಟೆಯ ಹಳೇ ಬಡಗಿ ಕೊಸ್ಮಾಸ್ ಬರೆಯುವುದು.

ನಾಳೆ ಸಂತ ಪರಸ್ಕೆವಿಯ ಹಬ್ಬಕ್ಕೆ ಅನೆಸ್ತಿಸ್‌ನ ದೋಣಿಯಲ್ಲಿ ನಲವತ್ತು ಜನ ಎದುರಿನ ನಡುಗಡ್ಡೆಯ ಗುಡಿಗೆ ಹೊರಟಿದ್ದಾರೆ. ತಡೆಯಿರಿ.

ಇವತ್ತು ಬೆಳಿಗ್ಗೆ ಅದರ ಹೊಸ ನೀಲಿ ಬಣ್ಣದ ಮೇಲೆ ಚಾಕು ಒತ್ತಿ ನೋಡಿದೆ. ಹಿಡಿಯವರೆಗೂ ಒಳಗೆ ಹೋಯಿತು. ಹಲಗೆಗಳ ಸಂದಿಗೆ ಹತ್ತಿ ತುಂಬಿ ಬಡಿಯಬೇಕು. ಈ ಮಹಾಶಯ ಬಚ್ಚಲಿಗೆ ಹಚ್ಚುವ ಸಿಲಿಕೋನ್ ಮೆತ್ತಿದ್ದಾನೆ. ಒಳಗಿನ ಮರ ಕೊಳೆತು, ಬಿಸಿಲಲ್ಲಿ ಬಿಟ್ಟ ಮೀನಿನ ಕರುಳಿನ ಹಾಗೆ ನಾರುತ್ತಿದೆ. ಚಾಕುವಿನ ಜೊತೆ ಬಿಳಿ ಹುಳುಗಳೂ ಬಂದವು. ಥೂ!

ಕೇಳಿದರೆ ಅನೆಸ್ತಿಸ್, "ಸುಮ್ನಿರು ಕೊಸ್ಮಾಸ್ ಮಾಮ, ಅರ್ಧ ಗಂಟೆ ದಾರಿ. ಸಂತಮ್ಮ ಕಾಪಾಡ್ತಾಳೆ" ಅಂದ.

"ಸಂತಮ್ಮ ಏನು ನಿನ್ನ ದೋಣಿಗೆ ನುಗ್ಗೋ ನೀರು ಎತ್ತಿ ಹೊರಗೆ ಹಾಕೋ ಆಳೇನೋ?" ಅಂದೆ.

ದೋಣಿ ಗಟ್ಟಿಯಿದೆ ಎಂಬ ಚೀಟಿಗೆ ಸಹಿ ಹಾಕಿದವನು ಯಾರು ಎಂದು ನೀವು ಕೇಳುತ್ತೀರಿ. ನಾನೇ. ಹೋದ ವಾರ ಅವನು ಕುಡಿಸಿದ ಊಜೊ ಸಾರಾಯಿ ಕುಡಿದು, ಕಾಫಿ ಅಂಗಡಿಯ ಕುರ್ಚಿಯಿಂದ ಏಳದೆ ಹಾಕಿದೆ. ಅವನಿಗಿಂತ ನನ್ನ ಮೇಲೇ ನನಗೆ ಹೆಚ್ಚು ಹೇಸಿಗೆ. ನನ್ನ ಶಿಕ್ಷೆ ಆಮೇಲೆ ಬರೆಯಿರಿ. ಮೊದಲು ದೋಣಿಗೆ ಸರಪಳಿ ಹಾಕಿ.

ಈ ಸಲ ದೋಣಿ ನೋಡಿಯೇ ಸಹಿ ಹಾಕಿದ,
ಕೊಸ್ಮಾಸ್